ಮನೆಯ ಆವರಣದ ಮಳೆನೀರು ಹೊರಹರಿವು ಹಾಗೂ ಅಂಗಳದ ಇಳಿಜಾರು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮಳೆಗಾಲ ಆರಂಭವಾದೊಡನೆ ಸ್ಥಳೀಯ ಸಂಸ್ಥೆಗಳ ಕಚೇರಿಗಳಿಗೆ ನೀರು ನಿಲ್ಲುವ ಬಗ್ಗೆ ದೂರುಗಳು ಬರತೊಡಗುತ್ತವೆ. ಅಂಗಳದಲ್ಲಿ ನೀರು ನಿಂತಿದೆ, ಗೋಡೆಯ ಬುಡ ತೇವಗೊಂಡಿದೆ, ನೆರೆಮನೆಯ ನೀರು ನಮ್ಮ ನಿವೇಶನಕ್ಕೆ ನುಗ್ಗುತ್ತಿದೆ ಎಂಬುವು ಇವುಗಳಲ್ಲಿ ಮುಖ್ಯವಾದವು. ಇವುಗಳ ಪೈಕಿ ಕೆಲವು ಸಾರ್ವಜನಿಕ ಚರಂಡಿಯ ದೋಷದಿಂದ ಉಂಟಾದವು. ಅವನ್ನು ಸರಿಪಡಿಸುವುದು ಸ್ಥಳೀಯ ಸಂಸ್ಥೆಯ ಹೊಣೆ. ಇನ್ನು ಕೆಲವು ಮನೆಯ ಆವರಣದ ಇಳಿಜಾರಿನ ದೋಷದಿಂದ ಉಂಟಾದವು. ಅವನ್ನು ಸ್ವತ್ತಿನ ಮಾಲೀಕರೇ ಸರಿಪಡಿಸಿಕೊಳ್ಳಬೇಕಾಗುತ್ತದೆ. ಈ ವ್ಯತ್ಯಾಸವನ್ನು ತಿಳಿಯದೆ ಸಲ್ಲಿಸಿದ ಅರ್ಜಿಯು ಕಚೇರಿಯಿಂದ ಕಚೇರಿಗೆ ವರ್ಗಾವಣೆಗೊಳ್ಳುವಷ್ಟರಲ್ಲಿ ಒಂದು ಮಳೆಗಾಲವೇ ಕಳೆದುಹೋಗುತ್ತದೆ. ಆ ಅವಧಿಯಲ್ಲಿ ಗೋಡೆಗೆ ಆದ ಹಾನಿಯನ್ನು ಯಾವ ಆದೇಶವೂ ತುಂಬಿಕೊಡಲಾರದು.

ಆದ್ದರಿಂದ ನೀರು ನಿಲ್ಲುವ ಕಾರಣವನ್ನು ಗುರುತಿಸುವ ಬಗೆ, ಅಂಗಳದ ಇಳಿಜಾರನ್ನು ಅಳೆದು ಸರಿಪಡಿಸುವ ವಿಧಾನ ಮತ್ತು ಯಾವ ಸಂದರ್ಭದಲ್ಲಿ ಯಾವ ಕಚೇರಿಗೆ ಅರ್ಜಿ ಸಲ್ಲಿಸಬೇಕು ಎಂಬ ವಿವರಗಳನ್ನು ನಾಗರಿಕರ ಅನುಕೂಲಕ್ಕಾಗಿ ಈ ಪುಟದಲ್ಲಿ ನೀಡಲಾಗಿದೆ.

1. ನೀರು ನಿಲ್ಲುವುದರಿಂದ ಆಗುವ ಹಾನಿ

ಅ) ಕಟ್ಟಡಕ್ಕೆ: ಅಡಿಪಾಯದ ಸುತ್ತಲಿನ ಮಣ್ಣು ನೆನೆದಾಗ ಅದರ ಭಾರ ಹೊರುವ ಶಕ್ತಿ ಕುಗ್ಗುತ್ತದೆ. ಅಡಿಪಾಯದ ಒಂದು ಭಾಗ ಮಾತ್ರ ಕುಸಿದಲ್ಲಿ ಗೋಡೆಯಲ್ಲಿ ಓರೆಯಾದ ಬಿರುಕು ಕಾಣಿಸಿಕೊಳ್ಳುತ್ತದೆ. ಇಟ್ಟಿಗೆ ಮತ್ತು ಗಾರೆ ನೀರನ್ನು ಮೇಲಕ್ಕೆ ಹೀರಿಕೊಳ್ಳುವುದರಿಂದ ಗಿಲಾವು ಉದುರುವುದು, ಗೋಡೆಯ ಮೇಲೆ ಬಿಳಿಯ ಉಪ್ಪಿನ ಪುಡಿ ಮೂಡುವುದು ಮತ್ತು ಗೆದ್ದಲು ಹತ್ತುವುದು ಕಂಡುಬರುತ್ತದೆ. ಮಣ್ಣಿನ ಗೋಡೆಯ ಮನೆಗಳಲ್ಲಿ ಬುಡ ನೆನೆದ ಗೋಡೆಯು ಮುನ್ಸೂಚನೆ ಇಲ್ಲದೆ ರಾತ್ರಿ ವೇಳೆ ಕುಸಿದು ಪ್ರಾಣಹಾನಿಯಾಗುವ ಸಂಭವವಿದೆ.

ಆ) ಆರೋಗ್ಯಕ್ಕೆ: ಡೆಂಗಿ ಹರಡುವ ಈಡಿಸ್ ಸೊಳ್ಳೆಯು ನಿಂತ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಅಂಗಳದ ನೀರು ಕುಡಿಯುವ ನೀರಿನ ಸಂಪಿಗೆ ಅಥವಾ ಬಾವಿಗೆ ಸೇರಿದಲ್ಲಿ ಕಾಲರಾ, ವಿಷಮಶೀತ ಜ್ವರ, ಕಾಮಾಲೆ ಮುಂತಾದ ರೋಗಗಳು ಇಡೀ ಕುಟುಂಬಕ್ಕೆ ತಗುಲಬಹುದು.

ಇ) ನೆರೆಹೊರೆಗೆ: ಒಂದು ನಿವೇಶನದಿಂದ ಹೊರದೂಡಿದ ನೀರು ಮತ್ತೊಂದು ನಿವೇಶನದ ಸಮಸ್ಯೆಯಾಗುತ್ತದೆ. ಇಂತಹ ತಕರಾರುಗಳು ಅನೇಕ ವೇಳೆ ನ್ಯಾಯಾಲಯದ ಮೆಟ್ಟಿಲೇರುತ್ತವೆ.

2. ಕಾರಣವನ್ನು ಗುರುತಿಸುವ ಬಗೆ

ಮಳೆ ಸುರಿಯುತ್ತಿರುವಾಗ ಅಥವಾ ನಿಂತ ಅರ್ಧ ಗಂಟೆಯೊಳಗೆ ಮನೆಯ ಸುತ್ತ ಒಮ್ಮೆ ನಡೆದು ನೋಡುವುದು ಅತ್ಯಂತ ಉತ್ತಮ ಪರಿಶೀಲನೆಯಾಗಿದೆ. ಆಗ ಈ ಕೆಳಕಂಡ ಅಂಶಗಳನ್ನು ಬರೆದಿಟ್ಟುಕೊಳ್ಳತಕ್ಕದ್ದು.

(1) ಚಾವಣಿಯ ನೀರು ಎಲ್ಲಿ ಬೀಳುತ್ತಿದೆ? ಗೋಡೆಯ ಬುಡದಲ್ಲಿಯೇ ಬೀಳುತ್ತಿದ್ದಲ್ಲಿ ಮೊದಲು ಅದನ್ನು ಸರಿಪಡಿಸಬೇಕು.

(2) ಅಂಗಳದ ನೀರು ಮನೆಯಿಂದ ಹೊರಕ್ಕೆ ಹರಿಯುತ್ತಿದೆಯೋ, ಮನೆಯ ಕಡೆಗೋ? ಅಡಿಪಾಯ ತೋಡಿದ ನಂತರ ಬದಿಗೆ ತುಂಬಿದ ಸಡಿಲ ಮಣ್ಣು ಕೆಲವು ವರ್ಷಗಳಲ್ಲಿ ತಗ್ಗುವುದರಿಂದ, ಕಟ್ಟುವಾಗ ಸರಿಯಾಗಿದ್ದ ಇಳಿಜಾರು ಕಾಲಕ್ರಮೇಣ ಗೋಡೆಯ ಕಡೆಗೆ ತಿರುಗಿರುವುದು ಸಾಮಾನ್ಯ.

(3) ನೀರು ಆವರಣದ ಯಾವ ಮೂಲೆಯಿಂದ ಹೊರಹೋಗುತ್ತಿದೆ? ಕಾಂಪೌಂಡ್ ಗೋಡೆಯಲ್ಲಿ ನೀರು ಹೋಗಲು ಕಿಂಡಿ ಇಲ್ಲದಿದ್ದಲ್ಲಿ ಆವರಣವೇ ತೊಟ್ಟಿಯಂತಾಗುತ್ತದೆ.

(4) ರಸ್ತೆಯ ಚರಂಡಿಯಲ್ಲಿನ ನೀರಿನ ಮಟ್ಟವು ಅಂಗಳಕ್ಕಿಂತ ಕೆಳಗಿದೆಯೇ? ಚರಂಡಿ ತುಂಬಿ ನೀರು ಹಿಮ್ಮುಖವಾಗಿ ಒಳಬರುತ್ತಿದ್ದಲ್ಲಿ ದೋಷವು ಸಾರ್ವಜನಿಕ ಚರಂಡಿಯದು.

(5) ಮಳೆ ಇಲ್ಲದ ದಿನಗಳಲ್ಲಿಯೂ ಒಂದೇ ಸ್ಥಳ ತೇವವಾಗಿದೆಯೇ? ಹಾಗಿದ್ದಲ್ಲಿ ನೀರಿನ ಕೊಳವೆ, ಸಂಪು ಅಥವಾ ಒಳಚರಂಡಿ ಸೋರುತ್ತಿರುವ ಸಂಭವವಿದೆ. ಈ ದೋಷವು ಇಳಿಜಾರು ಸರಿಪಡಿಸುವುದರಿಂದ ಪರಿಹಾರವಾಗುವುದಿಲ್ಲ.

3. ನೀರಿನ ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದಲ್ಲಿ ಒಂದು ಲೀಟರ್ ನೀರಾಗುತ್ತದೆ. ಇದನ್ನು ಆಧರಿಸಿ ಪ್ರತಿಯೊಬ್ಬರೂ ತಮ್ಮ ಆವರಣದ ಲೆಕ್ಕವನ್ನು ಮಾಡಿಕೊಳ್ಳಬಹುದು.

ಉದಾಹರಣೆ: 30 ಅಡಿ x 40 ಅಡಿ ನಿವೇಶನದ ವಿಸ್ತೀರ್ಣ 1,200 ಚದರ ಅಡಿ, ಅಂದರೆ ಸುಮಾರು 111 ಚದರ ಮೀಟರ್. ಒಂದು ಜೋರು ಮಳೆಗೆ 50 ಮಿ.ಮೀ. ಬಿದ್ದಿತೆಂದು ಭಾವಿಸೋಣ.

ಚಾವಣಿ, 70 ಚದರ ಮೀಟರ್: 3,500 ಲೀಟರ್
ಅಂಗಳ, 41 ಚದರ ಮೀಟರ್: 2,050 ಲೀಟರ್
ಒಟ್ಟು: 5,550 ಲೀಟರ್

ಇದೇ ನಿವೇಶನದಲ್ಲಿ 1 ಮೀಟರ್ ಉದ್ದ, 1 ಮೀಟರ್ ಅಗಲ, 1.5 ಮೀಟರ್ ಆಳದ ಇಂಗುಗುಂಡಿ ಇದ್ದು ಅದರಲ್ಲಿ ದಪ್ಪ ಕಲ್ಲು ತುಂಬಿದ್ದಲ್ಲಿ, ಕಲ್ಲುಗಳ ನಡುವಿನ ಖಾಲಿ ಜಾಗ ಶೇಕಡ 40ರಷ್ಟೆಂದು ಲೆಕ್ಕ ಹಾಕಿದರೂ ಅದು ಒಮ್ಮೆಗೆ ಹಿಡಿಯುವುದು ಸುಮಾರು 600 ಲೀಟರ್ ಮಾತ್ರ. ಗುಂಡಿಯಿಂದ ಮಣ್ಣಿಗೆ ಇಂಗುವ ನೀರು ಮಳೆಯ ವೇಗಕ್ಕೆ ಸರಿಸಮನಾಗಿರುವುದು ಅಪರೂಪ. ಉಳಿದ ನೀರಿಗೆ ದಾರಿ ಇರಲೇಬೇಕು. ಇಂಗುಗುಂಡಿ ಮಾಡಿಸಿದರೆ ಚರಂಡಿ ಬೇಕಿಲ್ಲ ಎಂಬ ಭಾವನೆಯು ಈ ಕಾರಣದಿಂದ ಸರಿಯಲ್ಲ.

ಈ ಲೆಕ್ಕದಿಂದ ತಿಳಿಯುವ ಇನ್ನೊಂದು ಅಂಶವೆಂದರೆ, ನಗರದ ಸಣ್ಣ ನಿವೇಶನಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಚಾವಣಿಯಿಂದಲೇ ಬರುತ್ತದೆ. ಚಾವಣಿಯ ನೀರನ್ನು ಪೈಪಿನ ಮೂಲಕ ಸಂಗ್ರಹಣಾ ತೊಟ್ಟಿಗೆ ಅಥವಾ ಚರಂಡಿಗೆ ನೇರವಾಗಿ ಒಯ್ದಲ್ಲಿ ಅಂಗಳದ ಸಮಸ್ಯೆಯ ದೊಡ್ಡ ಪಾಲು ಅಲ್ಲಿಯೇ ಬಗೆಹರಿಯುತ್ತದೆ. ಗಂಟೆಗೆ 100 ಮಿ.ಮೀ. ರಭಸದ ಮಳೆಗೆ 100 ಮಿ.ಮೀ. ವ್ಯಾಸದ ಒಂದು ಇಳಿಪೈಪು ಸುಮಾರು 40 ಚದರ ಮೀಟರ್ ಚಾವಣಿಗೆ ಸಾಕಾಗುತ್ತದೆ. ಹೆಂಚಿನ ಮನೆಗಳಲ್ಲಿ ಸೂರಿನ ಉದ್ದಕ್ಕೂ ದಂಬೆ ಅಳವಡಿಸತಕ್ಕದ್ದು.

4. ಇಳಿಜಾರು ಎಷ್ಟಿರಬೇಕು

ಗಾರೆ ಕೆಲಸದವರು ವಾಟ ಎಂದು ಕರೆಯುವ ಇಳಿಜಾರಿನ ಪ್ರಮಾಣವು ನೆಲದ ಬಗೆಯನ್ನು ಅವಲಂಬಿಸಿದೆ.

ಅ) ಮಣ್ಣಿನ ಅಂಗಳ: ಗೋಡೆಯಿಂದ ಮೊದಲ 10 ಅಡಿ ದೂರಕ್ಕೆ 6 ಅಂಗುಲ, ಅಂದರೆ 3 ಮೀಟರಿಗೆ 15 ಸೆಂ.ಮೀ.

ಆ) ಕಾಂಕ್ರೀಟ್, ಚಪ್ಪಡಿ ಅಥವಾ ಟೈಲ್ಸ್ ಹಾಕಿದ ಅಂಗಳ: 50ಕ್ಕೆ 1, ಅಂದರೆ 3 ಮೀಟರಿಗೆ 6 ಸೆಂ.ಮೀ.

ಇ) ಆವರಣದೊಳಗಿನ ಚರಂಡಿ: 100ಕ್ಕೆ 1, ಅಂದರೆ 10 ಮೀಟರಿಗೆ 10 ಸೆಂ.ಮೀ.ಗಿಂತ ಕಡಿಮೆ ಇರದಂತೆ.

ಭಾರತೀಯ ಮಾನಕ ಬ್ಯೂರೋ ಹೊರತಂದಿರುವ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯ ತಳಗಟ್ಟು, ಅಂದರೆ ಪ್ಲಿಂತ್, ಸುತ್ತಲಿನ ನೆಲಮಟ್ಟಕ್ಕಿಂತ ಕನಿಷ್ಠ 450 ಮಿ.ಮೀ. ಎತ್ತರದಲ್ಲಿರಬೇಕು. ಒಳಾಂಗಣ ಮತ್ತು ವಾಹನ ನಿಲುಗಡೆಯ ಜಾಗ ಕನಿಷ್ಠ 150 ಮಿ.ಮೀ. ಎತ್ತರದಲ್ಲಿರಬೇಕು. ಹೊಸದಾಗಿ ಮನೆ ಕಟ್ಟುವವರು ನಕ್ಷೆ ಮಂಜೂರಾತಿಗೆ ಮುನ್ನವೇ ರಸ್ತೆಯ ಮಧ್ಯಭಾಗದ ಮಟ್ಟವನ್ನು ಅಳೆದು, ಅದಕ್ಕಿಂತ ತಳಗಟ್ಟು ಎಷ್ಟು ಮೇಲಿರಬೇಕೆಂಬುದನ್ನು ನಿಗದಿಪಡಿಸಿಕೊಳ್ಳುವುದು ಸೂಕ್ತ. ರಸ್ತೆಗೆ ಡಾಂಬರು ಪದರ ಹಾಕಿದಾಗಲೆಲ್ಲ ಅದರ ಮಟ್ಟ ಏರುವ ಸಂಭವವಿರುವುದನ್ನೂ ಗಮನದಲ್ಲಿಡಬೇಕು.

5. ಇಳಿಜಾರನ್ನು ಅಳೆಯುವ ವಿಧಾನ

ಇದಕ್ಕೆ ದುಬಾರಿ ಉಪಕರಣದ ಅವಶ್ಯಕತೆ ಇರುವುದಿಲ್ಲ. ಸುಮಾರು 10 ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಪೈಪು, ಅಳತೆ ಪಟ್ಟಿ, ಎರಡು ಗೂಟ ಮತ್ತು ಸೀಮೆಸುಣ್ಣ ಸಾಕು.

(1) ಪೈಪಿಗೆ ನೀರು ತುಂಬಿಸಿ. ಒಳಗೆ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಳ್ಳಿ. ಗುಳ್ಳೆ ಇದ್ದಲ್ಲಿ ಅಳತೆ ತಪ್ಪಾಗುತ್ತದೆ.

(2) ಪೈಪಿನ ಒಂದು ತುದಿಯನ್ನು ಗೋಡೆಗೆ, ಇನ್ನೊಂದು ತುದಿಯನ್ನು ಗೋಡೆಯಿಂದ 3 ಮೀಟರ್ ದೂರದಲ್ಲಿ ನೆಟ್ಟ ಗೂಟಕ್ಕೆ ಹಿಡಿಯಿರಿ. ನೀರು ನಿಶ್ಚಲವಾದ ಮೇಲೆ ಎರಡೂ ಕಡೆ ನೀರಿನ ಮಟ್ಟಕ್ಕೆ ಗುರುತು ಹಾಕಿ. ಈ ಎರಡು ಗುರುತುಗಳು ಒಂದೇ ಮಟ್ಟದಲ್ಲಿರುತ್ತವೆ.

(3) ಪ್ರತಿ ಗುರುತಿನಿಂದ ನೆಲದವರೆಗಿನ ಅಂತರವನ್ನು ಅಳೆಯಿರಿ.

ಉದಾಹರಣೆ: ಗೋಡೆಯ ಬಳಿ ಗುರುತಿನಿಂದ ನೆಲಕ್ಕೆ 40 ಸೆಂ.ಮೀ., ಗೂಟದ ಬಳಿ 45 ಸೆಂ.ಮೀ. ಇದ್ದಲ್ಲಿ ಈಗಿರುವ ಇಳಿಜಾರು 5 ಸೆಂ.ಮೀ. ಮಣ್ಣಿನ ಅಂಗಳಕ್ಕೆ ಇರಬೇಕಾದದ್ದು 15 ಸೆಂ.ಮೀ. ಕೊರತೆ 10 ಸೆಂ.ಮೀ. ಗೂಟದ ಬಳಿಯ ಅಂತರವು ಗೋಡೆಯ ಬಳಿಗಿಂತ ಕಡಿಮೆ ಬಂದಲ್ಲಿ ನೆಲವು ಮನೆಯ ಕಡೆಗೇ ಇಳಿದಿದೆ ಎಂದರ್ಥ.

(4) ಇದೇ ಕ್ರಮದಲ್ಲಿ ಹಿತ್ತಿಲಿನಿಂದ ರಸ್ತೆಯ ಚರಂಡಿಯ ತಳದವರೆಗೆ ಅಳೆಯಿರಿ. ಹಿತ್ತಿಲಿನಿಂದ ರಸ್ತೆಗೆ 12 ಮೀಟರ್ ದೂರವಿದ್ದಲ್ಲಿ ಆವರಣದ ಚರಂಡಿಗೆ ಕನಿಷ್ಠ 12 ಸೆಂ.ಮೀ. ಇಳಿಜಾರು ಲಭ್ಯವಿರಬೇಕು. ರಸ್ತೆ ಚರಂಡಿಯ ತಳವೇ ಅಷ್ಟು ಕೆಳಗಿಲ್ಲದಿದ್ದಲ್ಲಿ ಅಂಗಳದಲ್ಲಿ ಎಷ್ಟು ಖರ್ಚು ಮಾಡಿದರೂ ಪ್ರಯೋಜನವಾಗದು. ಆಗ ಕಲಂ 10ರಲ್ಲಿ ವಿವರಿಸಿರುವಂತೆ ಅರ್ಜಿ ಸಲ್ಲಿಸುವುದು ಮೊದಲ ಹೆಜ್ಜೆಯಾಗಬೇಕು.

ಈ ಅಳತೆಗಳನ್ನು ಒಂದು ಹಾಳೆಯಲ್ಲಿ ಕೈನಕ್ಷೆಯೊಂದಿಗೆ ಬರೆದಿಟ್ಟುಕೊಳ್ಳುವುದು. ಮೇಸ್ತ್ರಿಗೆ ಕೆಲಸ ವಹಿಸುವಾಗಲೂ, ಕಚೇರಿಗೆ ಅರ್ಜಿ ಸಲ್ಲಿಸುವಾಗಲೂ ಈ ಹಾಳೆ ಉಪಯೋಗಕ್ಕೆ ಬರುತ್ತದೆ.

6. ಸರಿಪಡಿಸುವ ಕ್ರಮ

ಕಡಿಮೆ ಖರ್ಚಿನ ಕೆಲಸವನ್ನು ಮೊದಲು ಮಾಡಿ, ಒಂದು ಮಳೆ ನೋಡಿ, ನಂತರ ಮುಂದಿನ ಕೆಲಸಕ್ಕೆ ಹೋಗುವುದು ಮಿತವ್ಯಯದ ದಾರಿ. ನೈಋತ್ಯ ಮಾರುತದ ಮಳೆ ಜೂನ್ ತಿಂಗಳಲ್ಲಿ ಆರಂಭವಾಗುವುದರಿಂದ ಮಣ್ಣಿನ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸತಕ್ಕದ್ದು.

6.1 ಶುಚಿಗೊಳಿಸುವಿಕೆ: ಚಾವಣಿಯ ನೀರಿನ ಕಿಂಡಿ, ದಂಬೆ, ಇಳಿಪೈಪು ಮತ್ತು ಆವರಣದ ಚರಂಡಿಯಲ್ಲಿನ ಎಲೆ, ಹೂಳು ತೆಗೆಯುವುದು. ಕಾಂಪೌಂಡ್ ಗೋಡೆಯ ಕಿಂಡಿ ತೆರೆದಿರುವಂತೆ ನೋಡಿಕೊಳ್ಳುವುದು.

6.2 ಇಳಿಪೈಪಿನ ತುದಿ: ಇಳಿಪೈಪಿನ ನೀರು ಗೋಡೆಯಿಂದ ಕನಿಷ್ಠ 1.5 ಮೀಟರ್ ದೂರದಲ್ಲಿ ಬೀಳುವಂತೆ ಪೈಪನ್ನು ವಿಸ್ತರಿಸುವುದು, ಇಲ್ಲವೆ ನೇರವಾಗಿ ಚರಂಡಿಗೆ ಜೋಡಿಸುವುದು.

6.3 ಮಣ್ಣು ತುಂಬುವಿಕೆ: ಗೋಡೆಯ ಬದಿಯ ತಗ್ಗನ್ನು ನೀರು ಸುಲಭವಾಗಿ ಇಳಿಯದ ಗರಸು ಮಿಶ್ರಿತ ಗಟ್ಟಿ ಮಣ್ಣಿನಿಂದ ತುಂಬತಕ್ಕದ್ದು. ಒಮ್ಮೆಗೆ 10ರಿಂದ 15 ಸೆಂ.ಮೀ. ದಪ್ಪದ ಪದರ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು ಗಟ್ಟಿಗೊಳಿಸಿದ ನಂತರವೇ ಮುಂದಿನ ಪದರ ಹಾಕಬೇಕು. ಬರೀ ಮರಳು, ಕಟ್ಟಡದ ಒಡಕಲು ಅಥವಾ ಎರೆಮಣ್ಣನ್ನು ಈ ಉದ್ದೇಶಕ್ಕೆ ಬಳಸಬಾರದು. ಮರಳು ಮತ್ತು ಒಡಕಲಿನ ಮೂಲಕ ನೀರು ನೇರವಾಗಿ ಅಡಿಪಾಯಕ್ಕೆ ಇಳಿಯುತ್ತದೆ. ತುಂಬಿದ ಮಣ್ಣು ಮನೆಯೊಳಗಿನ ನೆಲಮಟ್ಟಕ್ಕಿಂತ ಕನಿಷ್ಠ 15 ಸೆಂ.ಮೀ. ಕೆಳಗೆ ನಿಲ್ಲಬೇಕು ಮತ್ತು ಗೋಡೆಯಲ್ಲಿನ ತೇವ ತಡೆ ಪದರವನ್ನು ಮುಚ್ಚಬಾರದು. ಅಷ್ಟು ಜಾಗ ಇಲ್ಲದಿದ್ದಲ್ಲಿ ಗೋಡೆಯ ಬಳಿ ಏರಿಸುವ ಬದಲು ದೂರದ ತುದಿಯನ್ನು ಅಗೆದು ತಗ್ಗಿಸಬೇಕು.

6.4 ತಳಗಟ್ಟಿನ ಸುತ್ತ ಕಾಂಕ್ರೀಟ್ ಪಟ್ಟಿ: ಗೋಡೆಯ ಸುತ್ತ 60ರಿಂದ 90 ಸೆಂ.ಮೀ. ಅಗಲಕ್ಕೆ, 7.5 ಸೆಂ.ಮೀ. ಜಲ್ಲಿಯ ಹಾಸಿನ ಮೇಲೆ 1:3:6 ಪ್ರಮಾಣದ 5 ಸೆಂ.ಮೀ. ಕಾಂಕ್ರೀಟ್ ಹಾಕಿ, 50ಕ್ಕೆ 1ರಂತೆ ಹೊರಕ್ಕೆ ಇಳಿಜಾರು ಕೊಡುವುದು. ಪಟ್ಟಿ ಮತ್ತು ಗೋಡೆ ಸೇರುವ ಸಂದಿಯನ್ನು ಚೆನ್ನಾಗಿ ಮುಚ್ಚಬೇಕು. ಈ ಸಂದಿ ಬಾಯಿಬಿಟ್ಟಲ್ಲಿ ಪಟ್ಟಿ ಇದ್ದೂ ಇಲ್ಲದಂತಾಗುತ್ತದೆ. ಗಟ್ಟಿಗೊಳಿಸದ ಮಣ್ಣಿನ ಮೇಲೆ ಕಾಂಕ್ರೀಟ್ ಹಾಕಿದಲ್ಲಿ ಅದು ಒಂದೆರಡು ವರ್ಷದಲ್ಲಿ ಗೋಡೆಯ ಕಡೆಗೆ ವಾಲುತ್ತದೆ.

6.5 ಆವರಣದ ಚರಂಡಿ: ನಗರದ ನಿವೇಶನಗಳಲ್ಲಿ ಪಕ್ಕದ ಜಾಗ ಒಂದು ಮೀಟರಿನಷ್ಟೇ ಇರುವುದರಿಂದ 3 ಮೀಟರ್ ಇಳಿಜಾರು ಸಾಧ್ಯವಾಗದು. ಅಂತಹ ಕಡೆ ನೆಲಕ್ಕೆ ಕಾಂಕ್ರೀಟ್ ಅಥವಾ ಚಪ್ಪಡಿ ಹಾಕಿ, ಗೋಡೆಯಿಂದ ಕಾಂಪೌಂಡಿನ ಕಡೆಗೆ 2 ಸೆಂ.ಮೀ. ಇಳಿಜಾರು ಕೊಟ್ಟು, ಕಾಂಪೌಂಡಿನ ಉದ್ದಕ್ಕೂ ತೆರೆದ ಸಣ್ಣ ಚರಂಡಿ ಮಾಡಿ ರಸ್ತೆಯ ಕಡೆಗೆ ಒಯ್ಯುವುದು. ತೆರೆದ ಚರಂಡಿಯನ್ನು ಗುಡಿಸಿ ಶುಚಿಯಾಗಿಡುವುದು ಸುಲಭ. ಮುಚ್ಚಿದ ಪೈಪು ಹಾಕಿದಲ್ಲಿ ಪ್ರತಿ ತಿರುವಿನಲ್ಲಿ ತೆಗೆಯಬಹುದಾದ ಮುಚ್ಚಳವಿರುವ ತೊಟ್ಟಿ ಇರಬೇಕು.

6.6 ಜಲ್ಲಿ ತುಂಬಿದ ಕಾಲುವೆ: ಮೇಲ್ಭಾಗದಿಂದ ಮಣ್ಣಿನೊಳಗೇ ನೀರು ಒಸರಿ ಬರುವ ಕಡೆ 30 ಸೆಂ.ಮೀ. ಅಗಲ, 45ರಿಂದ 60 ಸೆಂ.ಮೀ. ಆಳದ ಕಾಲುವೆ ತೋಡಿ, ತಳದಲ್ಲಿ ರಂಧ್ರವಿರುವ ಪೈಪು ಇಟ್ಟು, ಸೋಸುಬಟ್ಟೆ ಹೊದಿಸಿ ಜಲ್ಲಿ ತುಂಬುವುದು. ಪೈಪಿನ ತುದಿ ತಗ್ಗಿನ ಜಾಗದಲ್ಲಿ ತೆರೆದುಕೊಳ್ಳಬೇಕು. ಅಡಿಪಾಯಕ್ಕೆ ತಾಗಿಕೊಂಡು, ಅದರ ತಳಕ್ಕಿಂತ ಆಳವಾಗಿ ಕಾಲುವೆ ಅಗೆಯುವುದು ಅಪಾಯಕರ.

7. ಮಣ್ಣಿನ ಗುಣಕ್ಕೆ ಅನುಗುಣವಾದ ಎಚ್ಚರಿಕೆಗಳು

7.1 ಎರೆಮಣ್ಣಿನ ಪ್ರದೇಶ: ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಈ ಏರಿಳಿತವೇ ಗೋಡೆ ಒಡೆಯಲು ಕಾರಣ. ಆದ್ದರಿಂದ ಅಡಿಪಾಯದ ಸುತ್ತಲಿನ ತೇವ ವರ್ಷವಿಡೀ ಒಂದೇ ಸಮನಾಗಿರುವಂತೆ ನೋಡಿಕೊಳ್ಳಬೇಕು. ಕಾಂಕ್ರೀಟ್ ಪಟ್ಟಿಯನ್ನು ಒಂದರಿಂದ ಒಂದೂವರೆ ಮೀಟರ್ ಅಗಲಕ್ಕೆ ಹಾಕುವುದು ಸೂಕ್ತ. ಬಚ್ಚಲು ನೀರನ್ನು ಗೋಡೆಯ ಬದಿಗೆ ಬಿಡುವುದು, ಗೋಡೆಯ ಸಮೀಪ ಇಂಗುಗುಂಡಿ ತೋಡುವುದು, ದೊಡ್ಡ ಮರ ಬೆಳೆಸುವುದು ಸಲ್ಲದು.

7.2 ಕೆಂಪುಮಣ್ಣಿನ ಪ್ರದೇಶ: ದಕ್ಷಿಣ ಒಳನಾಡಿನ ಕೆಂಪುಮಣ್ಣಿನಲ್ಲಿ ನೀರು ಸಾಮಾನ್ಯವಾಗಿ ಚೆನ್ನಾಗಿ ಇಂಗುತ್ತದೆ. ಆದರೂ ಗುಂಡಿ ತೋಡುವ ಮುನ್ನ ಪರೀಕ್ಷೆ ಮಾಡುವುದು ಒಳ್ಳೆಯದು. ಉದ್ದೇಶಿತ ಆಳದವರೆಗೆ ಸಣ್ಣ ಕುಳಿ ತೋಡಿ, ನೀರು ತುಂಬಿ ಒಮ್ಮೆ ಇಂಗಲು ಬಿಟ್ಟು, ಮತ್ತೆ ತುಂಬಿ ಒಂದು ಗಂಟೆ ನೋಡಿ. ನೀರು 25 ಮಿ.ಮೀ.ಗಿಂತ ಕಡಿಮೆ ಇಳಿದಲ್ಲಿ ಆ ಸ್ಥಳ ಇಂಗುಗುಂಡಿಗೆ ಯೋಗ್ಯವಲ್ಲ. ಮಳೆನೀರಿನ ಇಂಗುಗುಂಡಿ ಅಡಿಪಾಯದಿಂದ ಕನಿಷ್ಠ 3 ಮೀಟರ್ ದೂರದಲ್ಲಿರಲಿ.

7.3 ಕರಾವಳಿ ಮತ್ತು ಮಲೆನಾಡು: ಇಲ್ಲಿ ಮಳೆಯ ಪ್ರಮಾಣ ಅಧಿಕವಾಗಿದ್ದು ಮಣ್ಣು ತಿಂಗಳುಗಟ್ಟಲೆ ನೀರಿನಿಂದ ತುಂಬಿರುತ್ತದೆ. ಆಗ ಇಂಗಿಸುವುದಕ್ಕಿಂತ ಹರಿಸುವುದೇ ಮುಖ್ಯ. ಗುಡ್ಡವನ್ನು ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಮನೆ ಇದ್ದಲ್ಲಿ, ಕಡಿದ ಬರೆಯ ಮೇಲ್ಭಾಗದಲ್ಲಿ ಅಡ್ಡಲಾಗಿ ಕಾಲುವೆ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಬರೆಗೆ ಕಟ್ಟಿದ ತಡೆಗೋಡೆಯಲ್ಲಿ ನೀರು ಒಸರಲು 75ರಿಂದ 100 ಮಿ.ಮೀ. ವ್ಯಾಸದ ಕಿಂಡಿಗಳಿರಬೇಕು. ಕಿಂಡಿ ಇಲ್ಲದ ತಡೆಗೋಡೆ ಹಿಂದಿನ ನೀರಿನ ಒತ್ತಡಕ್ಕೆ ಮನೆಯ ಮೇಲೆಯೇ ಉರುಳಬಹುದು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗು ಜಿಲ್ಲೆಯಲ್ಲಿ ಸಂಭವಿಸಿದ ಭೂಕುಸಿತಗಳು ಇಳಿಜಾರು ಪ್ರದೇಶದಲ್ಲಿ ನೀರಿನ ದಾರಿಯನ್ನು ಕಡೆಗಣಿಸಬಾರದೆಂಬುದನ್ನು ನೆನಪಿಸುತ್ತವೆ.

ಬರೆಯ ಮೇಲೆ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಕೆಸರಾಗಿ ಬರುವ ಒರತೆ, ಏಕಾಏಕಿ ಬಿಗಿಯಾಗುವ ಬಾಗಿಲು ಇವು ಕುಸಿತದ ಮುನ್ಸೂಚನೆಗಳು. ಇವು ಕಂಡಲ್ಲಿ ದುರಸ್ತಿಗೆ ತೊಡಗದೆ ಕೂಡಲೇ ಮನೆ ತೆರವುಗೊಳಿಸಿ 112 ಅಥವಾ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಸಂಖ್ಯೆಗೆ ಕರೆ ಮಾಡತಕ್ಕದ್ದು.

8. ಸಂಪು, ಬಾವಿ ಮತ್ತು ವಿದ್ಯುತ್

ಅ) ಸಂಪಿನ ಬಾಯಿ ಅಂಗಳದ ಮಟ್ಟಕ್ಕಿಂತ ಕನಿಷ್ಠ 15 ಸೆಂ.ಮೀ. ಮೇಲಿದ್ದು, ಮುಚ್ಚಳ ಬಿಗಿಯಾಗಿರಬೇಕು. ಅಂಗಳಕ್ಕೆ ಹೊಸದಾಗಿ ಮಣ್ಣು ಅಥವಾ ಟೈಲ್ಸ್ ಹಾಕಿದಾಗ ಸಂಪಿನ ಬಾಯಿಯನ್ನೂ ಏರಿಸುವುದನ್ನು ಮರೆಯಬಾರದು. ಅಂಗಳದ ನೀರು ಸಂಪಿಗೆ ಸೇರಿದಲ್ಲಿ ನೀರನ್ನು ಪೂರ್ಣವಾಗಿ ಹೊರಚೆಲ್ಲಿ, ತಿಕ್ಕಿ ತೊಳೆದು, ಹೊಸ ನೀರಿಗೆ 1,000 ಲೀಟರಿಗೆ 2.5 ಗ್ರಾಂನಂತೆ ಉತ್ತಮ ಗುಣಮಟ್ಟದ ಬ್ಲೀಚಿಂಗ್ ಪೌಡರ್ ಬೆರೆಸಿ ಒಂದು ಗಂಟೆಯ ನಂತರ ಬಳಸುವುದು. ಕುಡಿಯುವ ನೀರನ್ನು ಕುದಿಸಿ ಆರಿಸಿ ಬಳಸುವುದು.

ಆ) ಶೌಚಾಲಯದ ನೀರು ಇಂಗುವ ಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ವಾಸದ ಕಟ್ಟಡದಿಂದ ಕನಿಷ್ಠ 6 ಮೀಟರ್ ದೂರದಲ್ಲಿರಬೇಕು. ಅಂಗಳದ ಮಳೆನೀರು ಈ ಗುಂಡಿಯ ಮೇಲೆ ಹರಿಯದಂತೆ ನೋಡಿಕೊಳ್ಳಬೇಕು.

ಇ) ಅಗೆಯುವ ಮುನ್ನ ನೀರು, ಒಳಚರಂಡಿ, ಅನಿಲ ಮತ್ತು ವಿದ್ಯುತ್ ಮಾರ್ಗಗಳು ಎಲ್ಲಿವೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ನೀರು ನಿಂತ ಜಾಗದಲ್ಲಿ ಮೋಟಾರಿನ ಸ್ವಿಚ್ಚು, ವಿದ್ಯುತ್ ಕಂಬ ಅಥವಾ ಅರ್ಥಿಂಗ್ ತಂತಿಯನ್ನು ಮುಟ್ಟಬಾರದು. ವಿದ್ಯುತ್ ಅಪಾಯದ ಬಗ್ಗೆ 1912ಕ್ಕೆ ಕರೆ ಮಾಡಿ.

9. ಮಾಡಬಾರದ ಕಾರ್ಯಗಳು

(1) ಮಳೆನೀರನ್ನು ಒಳಚರಂಡಿಗೆ ಜೋಡಿಸಬಾರದು. ಒಳಚರಂಡಿಯು ಮಲಿನ ನೀರಿಗಾಗಿ ಮಾತ್ರ ನಿರ್ಮಿತವಾಗಿದೆ. ಒಂದು ಬೀದಿಯ ಮನೆಗಳೆಲ್ಲ ಚಾವಣಿಯ ನೀರನ್ನು ಅದಕ್ಕೆ ಬಿಟ್ಟಲ್ಲಿ ತಗ್ಗಿನಲ್ಲಿರುವ ಮನೆಯ ಶೌಚಾಲಯದಿಂದ ಮಲಿನ ನೀರು ಮೇಲೆ ಬರುತ್ತದೆ.

(2) ಕಟ್ಟಿಕೊಂಡ ಒಳಚರಂಡಿ ಗುಂಡಿಗೆ ಅಥವಾ ಶೌಚಗುಂಡಿಗೆ ಯಾವುದೇ ವ್ಯಕ್ತಿಯನ್ನು ಇಳಿಸಬಾರದು. 2013ರ ಕಾಯ್ದೆಯ ಪ್ರಕಾರ ಇದು ಶಿಕ್ಷಾರ್ಹ ಅಪರಾಧವಾಗಿದೆ. ಒಳಗಿನ ವಿಷಾನಿಲದಿಂದ ಕ್ಷಣಮಾತ್ರದಲ್ಲಿ ಪ್ರಾಣ ಹೋಗುತ್ತದೆ. ಯಂತ್ರದ ಮೂಲಕ ಶುಚಿಗೊಳಿಸಲು ಸ್ಥಳೀಯ ಸಂಸ್ಥೆಗೆ ಮನವಿ ಸಲ್ಲಿಸಬೇಕು.

(3) ರಸ್ತೆಯ ಚರಂಡಿಯ ಮೇಲೆ ಶುಚಿಗೊಳಿಸಲು ಅವಕಾಶವಿಲ್ಲದಂತೆ ಇಳಿಜಾರು ಹಲಗೆ ಅಥವಾ ಮೆಟ್ಟಿಲು ಕಟ್ಟಬಾರದು. ವಾಹನ ಒಳಹೋಗಲು ಚಪ್ಪಡಿ ಅಗತ್ಯವಿದ್ದಲ್ಲಿ ಎತ್ತಿ ತೆಗೆಯಬಹುದಾದ ಚಪ್ಪಡಿ ಹಾಕುವುದು.

(4) ರಾಜಕಾಲುವೆ, ಹಳ್ಳ, ತೋಡುಗಳನ್ನು ಮುಚ್ಚಬಾರದು ಅಥವಾ ದಿಕ್ಕು ಬದಲಿಸಬಾರದು.

(5) ನೆರೆಯವರೊಂದಿಗೆ ಮಾತನಾಡದೆ ಆವರಣದ ಮಟ್ಟವನ್ನು ಏಕಾಏಕಿ ಏರಿಸಬಾರದು. ಎತ್ತರದ ಜಮೀನಿನ ನೀರು ಸಹಜವಾಗಿ ತಗ್ಗಿಗೆ ಹರಿಯುವುದು ಬೇರೆ. ನೀರನ್ನು ಒಂದೆಡೆ ಕೂಡಿಸಿ ಪೈಪಿನ ಮೂಲಕ ಪಕ್ಕದ ಗೋಡೆಗೆ ಬಿಡುವುದು ಬೇರೆ. ಎರಡನೆಯದರಿಂದಾದ ಹಾನಿಗೆ ನೀರು ಬಿಟ್ಟವರು ಹೊಣೆಗಾರರಾಗಬೇಕಾದೀತು. ಇಬ್ಬರ ಗಡಿಯಲ್ಲಿ ಒಂದೇ ಚರಂಡಿ ಮಾಡಿ ಖರ್ಚನ್ನು ಹಂಚಿಕೊಂಡು, ಒಪ್ಪಂದವನ್ನು ಬರಹದಲ್ಲಿ ಇಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ.

10. ಯಾವ ಕಚೇರಿಗೆ ಅರ್ಜಿ ಸಲ್ಲಿಸಬೇಕು

ಅ) ರಸ್ತೆ ಚರಂಡಿಯ ಹೂಳು, ಒಡೆದ ಚರಂಡಿ, ಚರಂಡಿಯೇ ಇಲ್ಲದಿರುವುದು, ರಸ್ತೆಯ ಮಟ್ಟ ಏರಿರುವುದು: ಪಟ್ಟಣ ಪ್ರದೇಶದಲ್ಲಿ ಸಂಬಂಧಿಸಿದ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿ. ಬೆಂಗಳೂರಿನಲ್ಲಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ವ್ಯಾಪ್ತಿಯಲ್ಲಿ ರಚಿತವಾದ ಐದು ನಗರ ಪಾಲಿಕೆಗಳ ಪೈಕಿ ತಮ್ಮ ಪ್ರದೇಶಕ್ಕೆ ಸಂಬಂಧಿಸಿದ ಪಾಲಿಕೆ. ಗ್ರಾಮಾಂತರದಲ್ಲಿ ಗ್ರಾಮ ಪಂಚಾಯಿತಿಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ.

ಆ) ರಾಜ್ಯ ಹೆದ್ದಾರಿಯ ಬದಿಯ ಚರಂಡಿ: ಲೋಕೋಪಯೋಗಿ ಇಲಾಖೆಯ ಉಪವಿಭಾಗ ಕಚೇರಿ.

ಇ) ಆವರಣದ ಪೈಪನ್ನು ಚರಂಡಿಗೆ ಜೋಡಿಸಲು ರಸ್ತೆ ಅಗೆಯಬೇಕಾದಲ್ಲಿ: ಸ್ಥಳೀಯ ಸಂಸ್ಥೆಯಿಂದ ಪೂರ್ವಾನುಮತಿ ಪಡೆದು ನಿಗದಿತ ಶುಲ್ಕ ಪಾವತಿಸತಕ್ಕದ್ದು.

ಈ) ಹಳ್ಳ ಅಥವಾ ರಾಜಕಾಲುವೆಯ ಒತ್ತುವರಿ: ತಾಲ್ಲೂಕು ತಹಶೀಲ್ದಾರರು. ಜಮೀನಿನ ಗಡಿಯ ಬಗ್ಗೆ ತಕರಾರಿದ್ದಲ್ಲಿ ಮೊದಲು ಹದ್ದುಬಸ್ತು ಅಳತೆಗೆ ಅರ್ಜಿ ಸಲ್ಲಿಸುವುದು.

ಉ) ಮಳೆಯಿಂದ ಮನೆ ಬಿದ್ದಲ್ಲಿ ಅಥವಾ ಹಾನಿಯಾದಲ್ಲಿ: ತಹಶೀಲ್ದಾರರ ಕಚೇರಿ ಹಾಗೂ ಗ್ರಾಮ ಆಡಳಿತ ಅಧಿಕಾರಿಗೆ ವಿಳಂಬವಿಲ್ಲದೆ ತಿಳಿಸುವುದು. ಅವಶೇಷ ತೆರವುಗೊಳಿಸುವ ಮುನ್ನ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು.

ಅರ್ಜಿಯೊಂದಿಗೆ ಲಗತ್ತಿಸಬೇಕಾದವು: ಸ್ವತ್ತಿನ ದಾಖಲೆ ಅಥವಾ ಇತ್ತೀಚಿನ ಕಂದಾಯ ರಸೀದಿಯ ಪ್ರತಿ, ಗುರುತಿನ ಚೀಟಿಯ ಪ್ರತಿ, ನೀರು ನಿಂತಿರುವಾಗ ತೆಗೆದ, ದಿನಾಂಕ ಬರೆದ ಛಾಯಾಚಿತ್ರ, ಕಲಂ 5ರಲ್ಲಿ ತಿಳಿಸಿದ ಅಳತೆಯ ಕೈನಕ್ಷೆ. ಬೇಸಿಗೆಯಲ್ಲಿ ಸ್ಥಳ ಪರಿಶೀಲನೆಗೆ ಬರುವ ಅಧಿಕಾರಿಗೆ ಒಣ ನೆಲ ಮಾತ್ರ ಕಾಣುವುದರಿಂದ ಛಾಯಾಚಿತ್ರ ಮತ್ತು ಕೈನಕ್ಷೆ ಮುಖ್ಯವಾದವು.

11. ಅರ್ಜಿಯ ಮಾದರಿ

ಇವರಿಗೆ,
ಮುಖ್ಯಾಧಿಕಾರಿಗಳು / ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
................ ಪುರಸಭೆ / ಗ್ರಾಮ ಪಂಚಾಯಿತಿ.

ಮಾನ್ಯರೇ,

ವಿಷಯ: ............ ರಸ್ತೆಯ ಚರಂಡಿ ಸರಿಪಡಿಸಿಕೊಡುವಂತೆ ಕೋರಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸ್ವತ್ತು ಸಂಖ್ಯೆ ........ರ ಮಾಲೀಕನಾದ/ಳಾದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಮನೆಯ ಮುಂದಿನ ಚರಂಡಿಯ ತಳವು ನನ್ನ ಅಂಗಳದ ಮಟ್ಟಕ್ಕಿಂತ ...... ಸೆಂ.ಮೀ. ಮಾತ್ರ ಕೆಳಗಿದ್ದು / ...... ಸೆಂ.ಮೀ. ಮೇಲಿದ್ದು, ದಿನಾಂಕ ........ರಂದು ಬಿದ್ದ ಮಳೆಗೆ ನೀರು ಹಿಮ್ಮುಖವಾಗಿ ಆವರಣದೊಳಗೆ ನುಗ್ಗಿರುತ್ತದೆ. ಆವರಣದೊಳಗಿನ ಇಳಿಜಾರನ್ನು ನಾನು ಸರಿಪಡಿಸಿಕೊಂಡಿರುತ್ತೇನೆ. ಆದ್ದರಿಂದ ಸ್ಥಳ ಪರಿಶೀಲನೆ ನಡೆಸಿ ಚರಂಡಿಯನ್ನು ಸರಿಪಡಿಸಿಕೊಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ, ಹೆಸರು, ವಿಳಾಸ, ದೂರವಾಣಿ)

ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆಯತಕ್ಕದ್ದು. ಕೋರಿದ ಸೇವೆಯು 2011ರ ಸಕಾಲ ಅಧಿನಿಯಮದ ಪಟ್ಟಿಯಲ್ಲಿ ಸೇರಿದ್ದಲ್ಲಿ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ದೊರೆಯುತ್ತದೆ. ನಿಗದಿತ ಅವಧಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸಿ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರ ವೆಚ್ಚ ಕೋರಲು ಅವಕಾಶವಿದೆ. ಅರ್ಜಿಯ ಮೇಲೆ ಕೈಗೊಂಡ ಕ್ರಮದ ದಾಖಲೆಗಳನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂ. ಶುಲ್ಕದೊಂದಿಗೆ ಕೋರಬಹುದು; 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಾಡಿಗೆದಾರರು ಅರ್ಜಿ ಸಲ್ಲಿಸಬಹುದೇ?
ಉತ್ತರ: ಸಾರ್ವಜನಿಕ ಚರಂಡಿಯ ಬಗ್ಗೆ ಯಾರು ಬೇಕಾದರೂ ದೂರು ಸಲ್ಲಿಸಬಹುದು. ರಸ್ತೆ ಅಗೆತದ ಅನುಮತಿಗೆ ಮಾತ್ರ ಮಾಲೀಕರ ಒಪ್ಪಿಗೆ ಪತ್ರ ಲಗತ್ತಿಸುವುದು.

ಪ್ರಶ್ನೆ: ಗೋಡೆಗೆ ಒಳಗಿನಿಂದ ತೇವ ನಿರೋಧಕ ಬಣ್ಣ ಬಳಿದರೆ ಸಾಲದೇ?
ಉತ್ತರ: ಸಾಲದು. ಹೊರಗಿನ ನೀರು ನಿಲ್ಲುವವರೆಗೆ ಬಣ್ಣ ಉದುರುತ್ತಲೇ ಇರುತ್ತದೆ. ಮೊದಲು ಅಂಗಳ ಸರಿಪಡಿಸಿ, ಗೋಡೆ ಒಣಗಲು ಒಂದು ಬೇಸಿಗೆ ಬಿಟ್ಟು, ನಂತರ ಗಿಲಾವು ಮತ್ತು ಬಣ್ಣ ಮಾಡಿಸುವುದು ಸೂಕ್ತ.

ಪ್ರಶ್ನೆ: ಇಂಗುಗುಂಡಿ ಅಥವಾ ಬಚ್ಚಲು ಗುಂಡಿಗೆ ಸರ್ಕಾರದ ನೆರವು ದೊರೆಯುವುದೇ?
ಉತ್ತರ: ಉದ್ಯೋಗ ಖಾತರಿ ಯೋಜನೆಯಡಿ ಗ್ರಾಮೀಣ ಕುಟುಂಬಗಳಿಗೆ ಬಚ್ಚಲು ಗುಂಡಿ ನಿರ್ಮಾಣಕ್ಕೆ ನೆರವು ನೀಡಲಾಗಿತ್ತು. ಪ್ರಸಕ್ತ ಸಾಲಿನಲ್ಲಿ ಲಭ್ಯವಿರುವ ನೆರವಿನ ಬಗ್ಗೆ ಕೆಲಸ ಆರಂಭಿಸುವ ಮುನ್ನವೇ ತಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸುವುದು.

ಪ್ರಶ್ನೆ: ಇಳಿಜಾರು ಒಮ್ಮೆ ಸರಿಪಡಿಸಿದರೆ ಶಾಶ್ವತವೇ?
ಉತ್ತರ: ಅಲ್ಲ. ಹೊಸ ಮಣ್ಣು ಮೊದಲ ಮಳೆಗಾಲದಲ್ಲಿ ತಗ್ಗುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಒಮ್ಮೆ, ಮೊದಲ ಜೋರು ಮಳೆಯ ನಂತರ ಒಮ್ಮೆ ಪರಿಶೀಲಿಸುವುದು ಅವಶ್ಯಕ.

ಸೂಚನೆ

ಈ ಪುಟದ ಮಾಹಿತಿಯು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಗೋಡೆಯಲ್ಲಿ ದೊಡ್ಡ ಬಿರುಕು ಕಂಡಲ್ಲಿ, ಮಣ್ಣಿನ ಗೋಡೆಯ ಬುಡ ಮೆತ್ತಗಾಗಿದ್ದಲ್ಲಿ ಅಥವಾ ತಡೆಗೋಡೆ ವಾಲಿದ್ದಲ್ಲಿ ಅರ್ಹ ಇಂಜಿನಿಯರರ ಸಲಹೆ ಪಡೆಯತಕ್ಕದ್ದು. ಅಲ್ಲಿಯವರೆಗೆ ಆ ಕೋಣೆಯಲ್ಲಿ ಯಾರೂ ಮಲಗಬಾರದು. ಶುಲ್ಕ ಹಾಗೂ ನಮೂನೆಗಳು ಸ್ಥಳೀಯ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಸಂಬಂಧಿಸಿದ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.